ಹೊಳೆ ಇಳಿದ ಮೇಲಿನ ಲೆಕ್ಕ: ಮಲಪ್ರಭೆಯ ದಂಡೆಯ ಒಂದು ಮನೆ, 2019ರ ನೆರೆ

2019ರಲ್ಲಿ ನಾಗರ ಪಂಚಮಿ ಬಂದದ್ದು ಆಗಸ್ಟ್ 5ರಂದು. ಉತ್ತರ ಕರ್ನಾಟಕದ ಊರುಗಳಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬರುತ್ತಾರೆ, ಜೋಕಾಲಿ ಆಡುತ್ತಾರೆ, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಾರೆ. ಅದೇ ವಾರ ಬೆಳಗಾವಿ, ಖಾನಾಪುರದ ಕಡೆ ಸುರಿದ ಮಳೆಗೆ ಮಲಪ್ರಭೆಗೆ ಕಟ್ಟಿದ ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯ ತುಂಬಿ ಗೇಟುಗಳನ್ನು ತೆರೆಯಬೇಕಾಯಿತು. ರಾಮದುರ್ಗ, ನರಗುಂದ, ಬಾದಾಮಿ, ರೋಣ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ನುಗ್ಗಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ರಾಜ್ಯದಲ್ಲಿ ಆಗ ಮುಖ್ಯಮಂತ್ರಿಯೊಬ್ಬರನ್ನು ಬಿಟ್ಟರೆ ಮಂತ್ರಿಗಳೇ ಇರಲಿಲ್ಲ. ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ. ಕೊನೆಗೆ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಗುರುತಿಸಿ, ರಾಜ್ಯ ಸರ್ಕಾರ ಒಟ್ಟು ಹಾನಿಯನ್ನು 35,160 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು.

ಕೋಟಿಗಳ ಆ ಮೊತ್ತವನ್ನು ಬದಿಗಿಟ್ಟು ಒಂದೇ ಒಂದು ಮನೆಯ ಜಮಾ-ಖರ್ಚನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ. ಮನೆ ಲೆಕ್ಕಕ್ಕೆಂದು ಕಟ್ಟಿಕೊಂಡ ಮಾದರಿ. ಅದರ ಎಕರೆ, ಎಮ್ಮೆ, ಸಾಲದ ಮೊತ್ತಗಳನ್ನು ಆ ಸೀಮೆಯ ಸಣ್ಣ ಹಿಡುವಳಿಗೆ ಹೊಂದುವಂತೆ ನಾನೇ ಇಟ್ಟಿದ್ದೇನೆ. ಸರ್ಕಾರದ ದರ, ನಿಯಮ, ತಾರೀಖುಗಳು ಮಾತ್ರ ನಿಜವಾದವು. ಲೆಕ್ಕ ಬಿಡಿಸುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಂಥ ಮನೆಯನ್ನು ನೆಲಕ್ಕೆ ಕೆಡವುವುದು ಹಾನಿಯ ಮೊತ್ತಕ್ಕಿಂತ ಹೆಚ್ಚಾಗಿ ತಾರೀಖುಗಳ ತಾಳ ತಪ್ಪುವುದು. ಕೊಡಬೇಕಾದ ಪ್ರತಿ ರೂಪಾಯಿಗೂ ಗಡುವು ಇರುತ್ತದೆ, ಬರಬೇಕಾದ ಯಾವ ರೂಪಾಯಿಗೂ ಇರುವುದಿಲ್ಲ.

ನೀರು ಬರುವ ಮೊದಲಿನ ಖಾತೆ

ಮಲಪ್ರಭೆಯ ದಂಡೆಯವರು ಆ ಹೊತ್ತಿಗೆ ನೀರಿಲ್ಲದೆ ಸೋತಿದ್ದರು ಎಂಬುದನ್ನು ಮರೆಯಬಾರದು. ಮಹದಾಯಿಯ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ನಾಲೆಗಾಗಿ ನರಗುಂದದಲ್ಲಿ 2015ರಿಂದ ಧರಣಿ ನಡೆದಿತ್ತು. 37.73 ಟಿಎಂಸಿ ಸಾಮರ್ಥ್ಯದ ನವಿಲುತೀರ್ಥ ಜಲಾಶಯ ವರ್ಷ ವರ್ಷವೂ ಅರೆಹೊಟ್ಟೆಯಲ್ಲೇ ಇರುತ್ತಿತ್ತು. 2018ರ ಮುಂಗಾರಿನಲ್ಲಿ ರಾಜ್ಯದ 100 ತಾಲ್ಲೂಕುಗಳನ್ನು, ಹಿಂಗಾರಿನಲ್ಲಿ 156 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಗಿತ್ತು. 2019ರ ಜೂನ್‌ನಲ್ಲೂ ದೇಶದ ಮಳೆ ವಾಡಿಕೆಗಿಂತ ಮೂರನೇ ಒಂದು ಪಾಲು ಕಡಿಮೆ ಬಿತ್ತು. ಆಮೇಲೆ ಗಾಳಿಯೇ ತಿರುಗಿತು. ಸೆಪ್ಟೆಂಬರ್ ಮುಗಿಯುವಾಗ ಒಟ್ಟು ಮಳೆ ವಾಡಿಕೆಯ ಶೇ 110ಕ್ಕೆ ಮುಟ್ಟಿ, 1994ರ ನಂತರದ ಗರಿಷ್ಠ ಎನಿಸಿತು. ಒಂದೇ ನೆರೆಯನ್ನು ಹಿಡಿದು ಇದು ಹವಾಮಾನ ಬದಲಾವಣೆಯದೇ ಕೆಲಸ ಎಂದು ಬೆರಳು ತೋರಿಸುವುದು ಕಷ್ಟ. ಆದರೆ 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ, ಅದಕ್ಕೆ ಬಿಸಿಯಾಗುತ್ತಿರುವ ಅರಬ್ಬೀ ಸಮುದ್ರದಿಂದ ಬರುವ ತೇವಾಂಶ ಕಾರಣ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಬರದ ಬೆನ್ನಿಗೇ ನೆರೆ ಎನ್ನುವ ಜೋಡಿ ಈಗ ಅಪರೂಪವಲ್ಲ, ಮನೆಯ ಲೆಕ್ಕಕ್ಕೆ ಈ ಜೋಡಿಯೇ ಮಾರಕ. ಬರದ ವರ್ಷ ಉಳಿತಾಯವನ್ನು ತಿಂದಿರುತ್ತದೆ, ನೆರೆ ಬರುವಾಗ ಡಬ್ಬಿ ಬರಿದಾಗಿರುತ್ತದೆ.

ನಮ್ಮ ಮಾದರಿ ಮನೆಯಲ್ಲಿ ಗಂಡ, ಹೆಂಡತಿ, ಓದುವ ಇಬ್ಬರು ಮಕ್ಕಳು, ಗಂಡನ ವಯಸ್ಸಾದ ತಾಯಿ. ಹೊಳೆಯ ಪಕ್ಕದಲ್ಲಿ ಸ್ವಂತದ ಮೂರು ಎಕರೆ, ಅದರಲ್ಲಿ ಗೋವಿನಜೋಳ. ಇನ್ನೊಬ್ಬರ ಎರಡು ಎಕರೆಯನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳ್ಳಾಗಡ್ಡಿ ಹಾಕಿದ್ದಾರೆ. ಎಕರೆಗೆ 15,000ದಂತೆ 30,000 ರೂಪಾಯಿ ಲಾವಣಿ ಯುಗಾದಿಗೇ ಕೊಟ್ಟಾಗಿದೆ, ಬೀಜ-ಗೊಬ್ಬರ-ಕೂಲಿಗೆ 40,000 ಸುರಿದಾಗಿದೆ. ಎರಡು ಎಮ್ಮೆಗಳಿವೆ. ಹೊಳೆಯ ದಡದಲ್ಲಿ ಒಂದು ಮೋಟಾರು, ಮನೆಯಲ್ಲಿ ಎಂಟು ಚೀಲ ಬಿಳಿಜೋಳ. ಮನೆ ಮಣ್ಣಿನ ಗೋಡೆಯದು, ಮೇಲ್ಮುದ್ದೆಯ ಮಣ್ಣಿನ ಮಾಳಿಗೆಯದು.

ಸಾಲ ಮೂರು ಬಗೆಯದು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 75,000 ರೂಪಾಯಿ ಬೆಳೆಸಾಲ. ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ. ಗೊಬ್ಬರದ ಅಂಗಡಿಯ ಉದ್ರಿ 22,000, ಅದನ್ನು ಸುಗ್ಗಿಗೆ ತೀರಿಸಬೇಕು. ಹೆಂಡತಿಯ ಹೆಸರಿನಲ್ಲಿ ಮಹಿಳಾ ಗುಂಪಿನ ಸಾಲ, ಬಾಕಿ 40,000, ವಾರಕ್ಕೆ 1,000ದ ಕಂತು.

ಈ ಕಂತಿನ ಹಿಂದಿನ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಮ್ಮೆಗಳು ಸೇರಿ ದಿನಕ್ಕೆ ಏಳು ಲೀಟರ್ ಹಾಲು ಕೊಡುತ್ತವೆ. ಲೀಟರಿಗೆ 40ರಂತೆ 280 ರೂಪಾಯಿ. ಹಾಲಿನವನು ಹತ್ತು ದಿನಕ್ಕೊಮ್ಮೆ 2,800 ರೂಪಾಯಿ ಎಣಿಸುತ್ತಾನೆ. ಅದರಲ್ಲಿ ಹೆಂಡತಿ ಮೊದಲು ಕಂತಿನ ಹಣವನ್ನು ತೆಗೆದು ದೇವರ ಜಗಲಿಯ ಹಿಂದೆ ಇಡುತ್ತಾಳೆ, ಮಿಕ್ಕದ್ದರಲ್ಲಿ ಎಣ್ಣೆ, ಸಕ್ಕರೆ, ಮಕ್ಕಳ ಬಸ್ಸಿನ ಪಾಸು. ಮೇವು ಹೊಲದ್ದೇ. ಯಾವ ಸಾಕ್ಷರತಾ ಶಿಬಿರಕ್ಕೂ ಹೋಗದೆ ಕಟ್ಟಿದ ಈ ಏರ್ಪಾಡಿನಲ್ಲಿ ಒಂದು ತಪ್ಪೂ ಇಲ್ಲ. ವಾರಕ್ಕೆ ಕೊಡಬೇಕಾದ್ದಕ್ಕೆ ವಾರದ ಆದಾಯ, ವರ್ಷಕ್ಕೆ ಕೊಡಬೇಕಾದ್ದಕ್ಕೆ ಸುಗ್ಗಿ. ಹಳ್ಳಿಯ ಮನೆಗಳಿಗೆ ಹಣದ ಶಿಸ್ತಿಲ್ಲ ಎಂದು ಕಾರ್ಯಾಗಾರಗಳಲ್ಲಿ ಪಾಠ ಹೇಳುವವರು ಇಂಥ ಒಂದು ಜಗಲಿಯ ಹಿಂದೆ ಕೈಹಾಕಿ ನೋಡಬೇಕು.

ಹೋದದ್ದು, ಬಂದದ್ದು

ಹೊಳೆ ಇಳಿದ ಮೇಲೆ ಲೆಕ್ಕ ಹೀಗಾಯಿತು. ಗೋವಿನಜೋಳ ಮೂರು ಎಕರೆಗೆ 54 ಕ್ವಿಂಟಲ್ ಬರಬೇಕಿತ್ತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 1,760ರಂತೆ ಸುಮಾರು 95,000. ಉಳ್ಳಾಗಡ್ಡಿಗೆ ಹಾಕಿದ ದುಡ್ಡು 70,000. ಒಂದು ಎಮ್ಮೆ ನೀರುಪಾಲು, ಅಂಥದೇ ಇನ್ನೊಂದು ತರಲು 70,000. ಮೋಟಾರು 20,000. ಜೋಳದ ಚೀಲಗಳು ನೆನೆದು ಉಬ್ಬಿ, ನಾಲ್ಕು ದಿನಕ್ಕೆ ಮೊಳಕೆಯೊಡೆದು ನಾರಿದವು, ಅದು 24,000. ಮನೆಯನ್ನು ಬಿಟ್ಟು ಒಟ್ಟು 2,79,000 ರೂಪಾಯಿ.

ಈಗ ಪರಿಹಾರ. ವಿಪತ್ತು ನಿಧಿಯ ಅಂದಿನ ಕೇಂದ್ರ ಮಾನದಂಡದಲ್ಲಿ ಬಟ್ಟೆಗೆ 1,800, ಪಾತ್ರೆಪಗಡಕ್ಕೆ 2,000 ಎಂದಿತ್ತು. ಆ 3,800ಕ್ಕೆ ರಾಜ್ಯ ಸರ್ಕಾರ 6,200 ಸೇರಿಸಿ ಮನೆಗೆ 10,000 ಕೊಟ್ಟಿತು. ನೀರಾವರಿ ಬೆಳೆಗೆ ಹೆಕ್ಟೇರಿಗೆ 13,500, ರಾಜ್ಯದ ಹೆಚ್ಚುವರಿ 10,000 ಸೇರಿ 23,500. ಮೂರು ಎಕರೆಗೆ, ಅಂದರೆ 1.2 ಹೆಕ್ಟೇರಿಗೆ, 28,200. ಸತ್ತ ಎಮ್ಮೆಗೆ 30,000. ಮೋಟಾರಿಗೆ ಪಟ್ಟಿಯಲ್ಲಿ ಸಾಲೇ ಇಲ್ಲ, ಜೋಳಕ್ಕೂ ಇಲ್ಲ. ಎಲ್ಲವೂ ಸರಿಯಾಗಿ ಬಂದರೆ 68,200. ಹೋದದ್ದರಲ್ಲಿ ಕಾಲು ಭಾಗ.

ಕಾಲು ಭಾಗ ಕಡಿಮೆಯಾಯಿತು ಎಂದು ದೂರುವುದು ಸುಲಭ. ಆದರೆ ಮಾನದಂಡದ ಆ ಪಟ್ಟಿ ತನ್ನನ್ನು ಎಂದೂ ನಷ್ಟಭರ್ತಿ ಎಂದು ಕರೆದುಕೊಂಡಿಲ್ಲ. ಬೆಳೆಯ ಹಣವನ್ನು ಅದು ಮತ್ತೆ ಬಿತ್ತುವುದಕ್ಕೆ ಕೊಡುವ ಸಹಾಯಧನ ಎನ್ನುತ್ತದೆ. ಆ ಮಾತನ್ನು ಒಪ್ಪಿಕೊಂಡೇ ನೋಡೋಣ. ಮತ್ತೆ ಬಿತ್ತುವುದಕ್ಕಾದರೆ ಹಣ ಸೆಪ್ಟೆಂಬರ್ ಕೊನೆಯೊಳಗೆ, ಹಿಂಗಾರಿ ಜೋಳ, ಕಡಲೆ ಬಿತ್ತುವ ಹದ ಇರುವಾಗಲೇ ಕೈಗೆ ಬರಬೇಕು. ಕೇಂದ್ರದಿಂದ ರಾಜ್ಯಕ್ಕೆ ಮೊದಲ 1,200 ಕೋಟಿ ಮಂಜೂರಾದದ್ದೇ ಅಕ್ಟೋಬರ್ ಮೊದಲ ವಾರ. ಅಕ್ಟೋಬರ್ ಮೂರನೇ ವಾರದಲ್ಲಿ ಮಲಪ್ರಭೆ ಮತ್ತೊಮ್ಮೆ ಉಕ್ಕಿತು. ಹದ ನೋಡಿ ಸಾಲ ಮಾಡಿ ಬಿತ್ತಿದವರ ಬೀಜವೂ ಹೋಯಿತು, ಹಣಕ್ಕೆ ಕಾದು ಕೂತವರ ಹಂಗಾಮೂ ಹೋಯಿತು.

ಉಳ್ಳಾಗಡ್ಡಿಯದು ಬೇರೆಯೇ ಕ್ರೌರ್ಯ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಬೆಳೆ ಕೊಳೆತು ನವೆಂಬರ್-ಡಿಸೆಂಬರ್ ಹೊತ್ತಿಗೆ ಕಿಲೋ ಉಳ್ಳಾಗಡ್ಡಿ ನೂರು ರೂಪಾಯಿ ದಾಟಿತು. ಗಡ್ಡೆ ಉಳಿಸಿಕೊಂಡವರಿಗೆ ಅದು ಜನ್ಮದಲ್ಲಿ ಒಮ್ಮೆ ಬರುವ ಬೆಲೆ. ಕಳೆದುಕೊಂಡವರು ಅಂಗಡಿಯಲ್ಲಿ ಕಾಲು ಕಿಲೋ ತೂಗಿಸಿಕೊಂಡರು.

ಮಂಗಳವಾರ

ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಿಂದ ಮನೆಗೆ ಬಂದು, ಒಳಗಿನ ಕೆಸರನ್ನು ಸಲಿಕೆಯಲ್ಲಿ ಎತ್ತಿ ಹಾಕುವ ಹೊತ್ತಿಗೆ ಎರಡು ಮಂಗಳವಾರ ಕಳೆದಿವೆ. ಮಂಗಳವಾರ ಕಂತಿನ ದಿನ. ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಹೊರಬೇಕು, ಉಳಿದವರ ಮನೆಗಳೂ ಇದೇ ಓಣಿಯವು. ಒಂದು ಎಮ್ಮೆ ಉಳಿದಿದೆ, ಆದರೆ ಕಣಕಿಯ ಬಣವೆ ಕೊಚ್ಚಿಹೋಗಿದೆ, ಹಸಿಮೇವು ಕೆಸರಿನಡಿ ಕೊಳೆಯುತ್ತಿದೆ. ಕೊಳ್ಳುವ ಮೇವಿನ ದರ ಹಾಲಿನ ದರವನ್ನು ನುಂಗುತ್ತದೆ. ಸೆಪ್ಟೆಂಬರ್‌ನಲ್ಲಿ ಆ ಎಮ್ಮೆಯನ್ನು 28,000ಕ್ಕೆ ಕೊಟ್ಟುಬಿಡುತ್ತಾರೆ. ಸಂತೆಯ ತುಂಬ ಮಾರುವವರೇ, ಕೊಳ್ಳುವವರು ಮೇಲುಸೀಮೆಯಿಂದ ಬಂದವರು. ನನ್ನ ಕಣ್ಣಿಗೆ ಈ ಮನೆಯ ಬೆನ್ನೆಲುಬು ಮುರಿದದ್ದು ಈ ದಿನ. ನೀರಿಗೆ ಹೋದ ಎಮ್ಮೆಗೆ 30,000 ಬರುತ್ತದೆ, ಸಂತೆಗೆ ಹೋದ ಎಮ್ಮೆ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಮಾರಿಸಿದ್ದೂ ನೆರೆಯೇ. ಆ ಮಾರಾಟ ಬೇಡವೆನಿಸಲು ಬೇಕಿದ್ದದ್ದು ಎರಡು-ಮೂರು ತಿಂಗಳ ಮೇವು, ಹತ್ತು-ಹನ್ನೆರಡು ವಾರ ಕಂತಿನ ತಡೆ, ಅಷ್ಟೇ.

ಇಂಥ ಕಷ್ಟದಲ್ಲಿ ಮೊದಲು ನೆನಪಾಗುವುದು ಬ್ಯಾಂಕಲ್ಲ, ಬೀಗರು. ಕೈಗಡದ ಈ ಜಾಲ ಸಾವು, ಆಸ್ಪತ್ರೆ, ಮದುವೆಗಳಲ್ಲಿ ಚೆನ್ನಾಗಿ ನಡೆಯುತ್ತದೆ; ಯಾಕೆಂದರೆ ಒಬ್ಬರಿಗೆ ಕಷ್ಟ ಬಂದಾಗ ಇನ್ನೊಬ್ಬರು ಸುಖವಾಗಿರುತ್ತಾರೆ. ಹೊಳೆದಂಡೆಯವರು ಹೆಣ್ಣು ತರುವುದೂ ಕೊಡುವುದೂ ಬಹುಮಟ್ಟಿಗೆ ಹೊಳೆದಂಡೆಯ ಊರುಗಳಲ್ಲೇ. ಮೇಲಿನ ಊರಿನ ಸೋದರಮಾವನ ಮನೆಗೂ ಕೆಳಗಿನ ಊರಿನ ಅಳಿಯನ ಮನೆಗೂ ಅದೇ ರಾತ್ರಿ ನೀರು ನುಗ್ಗಿದೆ. ಪಂಚಮಿಗೆ ಬಂದ ಗಂಡನ ತಂಗಿ ಹದಿನೈದು ದಿನ ಕಾಳಜಿ ಕೇಂದ್ರದಲ್ಲೇ ಉಳಿದಳು, ಅವಳ ಗಂಡನ ಊರಿನ ದಾರಿಯೂ ಮುಳುಗಿತ್ತು. ಬಳ್ಳಾರಿಯ ಕಡೆಗೋ ಹುಬ್ಬಳ್ಳಿಗೋ ಹೆಣ್ಣು ಕೊಟ್ಟ ಮನೆಗಳು ಈ ನೆರೆಯಲ್ಲಿ ಸ್ವಲ್ಪ ಉಸಿರಾಡಿರಬೇಕು ಎಂಬುದು ನನ್ನ ಊಹೆ. ಯಾರೂ ಅಳೆಯದ ವಿಮೆಯೊಂದು ನಮ್ಮ ಸಂಬಂಧಗಳ ಭೂಪಟದಲ್ಲಿ ಅಡಗಿದೆ.

ಬೀಗರು ಆಗದಿದ್ದಾಗ ಬಂಗಾರ. ಮೈಮೇಲಿದ್ದ ಕಾರಣಕ್ಕೆ ಉಳಿದದ್ದು ಅದೊಂದೇ. ಹೆಂಡತಿಯ ಬೋರಮಾಳ, ತಾಳಿಯ ಗುಂಡು ಬಿಟ್ಟು ಮಿಕ್ಕದ್ದು, ಎಲ್ಲ ಸೇರಿ ಮೂರು ತೊಲೆ. ಆ ಆಗಸ್ಟ್‌ನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ 38,000ದ ಆಸುಪಾಸು. ಬ್ಯಾಂಕುಗಳು ಆಗ ಬಂಗಾರದ ಬೆಲೆಯ ಮುಕ್ಕಾಲು ಭಾಗದವರೆಗೆ ಸಾಲ ಕೊಡಬಹುದಿತ್ತು. ಆಭರಣದ ಬಂಗಾರಕ್ಕೆ ಬೆಲೆ ಕಟ್ಟಿ 75,000 ಕೈಗೆ ಬರುತ್ತದೆ, ವರ್ಷಕ್ಕೆ ನೂರಕ್ಕೆ 12ರಂತೆ 9,000 ಬಡ್ಡಿ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಒತ್ತೆ ಇಟ್ಟವರು ಮತ್ತು ಮಾರಿದವರ ನಡುವೆ ಒಂದೇ ವರ್ಷದಲ್ಲಿ ಅಜಗಜಾಂತರವಾಯಿತು. 2020ರ ಆಗಸ್ಟ್‌ಗೆ ಬಂಗಾರ 55,000 ದಾಟಿತು, ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಬೆಲೆಯ ಶೇ 90ರವರೆಗೆ ಸಾಲ ಕೊಡಲು ತಾತ್ಕಾಲಿಕ ಅನುಮತಿ ನೀಡಿತು. ಒತ್ತೆಯಿಟ್ಟವರು ಅದೇ ಬಂಗಾರದ ಮೇಲೆ ಇನ್ನಷ್ಟು ಎತ್ತಿಕೊಂಡರು. ಮಾರಿದವರು ಅದನ್ನು ಮತ್ತೆ ಕೊಳ್ಳುವ ಮಾತನ್ನೇ ಬಿಟ್ಟರು.

ಇನ್ನು ಸಂಘದ ಬೆಳೆಸಾಲ. ಬಡ್ಡಿಯಿಲ್ಲದ ಸಾಲ ಎಂಬ ಹೆಸರಿನ ಒಳಗೆ ಒಂದು ಗುಟ್ಟಿದೆ. ಗಡುವು ತಪ್ಪಿದರೆ ರಿಯಾಯಿತಿ ಹೋಗಿ ಪೂರ್ತಿ ಬಡ್ಡಿ ಬೀಳುತ್ತದೆ, ಮುಂದಿನ ಸಾಲವೂ ಸಿಗುವುದಿಲ್ಲ. ಆದ್ದರಿಂದ ಬೆಳೆ ಕೈಕೊಟ್ಟ ವರ್ಷ ರೈತರು ಖಾಸಗಿಯವರಿಂದ 75,000 ತಂದು ಸಂಘಕ್ಕೆ ಕಟ್ಟುತ್ತಾರೆ, ಎಂಟು ದಿನ ಬಿಟ್ಟು ಸಂಘದಿಂದ ಅದನ್ನೇ ಎತ್ತಿ ಖಾಸಗಿಯವರಿಗೆ ಒಪ್ಪಿಸುತ್ತಾರೆ. ಖಾಸಗಿಯವರ ದರ ತಿಂಗಳಿಗೆ ನೂರಕ್ಕೆ ಮೂರು ಎಂದಿಟ್ಟುಕೊಂಡರೆ, ಎಂಟೇ ದಿನವಾದರೂ ಪೂರ್ತಿ ತಿಂಗಳ ಬಡ್ಡಿ ಹಿಡಿಯುತ್ತಾರೆ: 2,250. ಸಂಘದ ಪುಸ್ತಕದಲ್ಲಿ ವಸೂಲಿ ಚೆನ್ನಾಗಿ ಕಾಣುತ್ತದೆ. ನೆರೆ ಬಂದ ತಾಲ್ಲೂಕಿನಲ್ಲೂ ಬೆಳೆಸಾಲದ ಮರುಪಾವತಿ ಕುಸಿಯಲಿಲ್ಲ ಎಂದು ಯಾರಾದರೂ ಅಂಕಿ ಹಿಡಿದು ಬಂದರೆ, ಈ ಎಂಟು ದಿನಗಳನ್ನು ನೆನಪಿಸಬೇಕು.

ಗಡುವು ಮುಂದೂಡಲು ನಿಯಮವೇ ಇರಲಿಲ್ಲವೇ? ಇತ್ತು. ನೈಸರ್ಗಿಕ ವಿಕೋಪಗಳ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ, ಶೇ 33ರಿಂದ 50ರಷ್ಟು ಬೆಳೆ ಹೋದರೆ ಮರುಪಾವತಿಗೆ ಎರಡು ವರ್ಷದವರೆಗೆ, ಅದಕ್ಕಿಂತ ಹೆಚ್ಚು ಹೋದರೆ ಐದು ವರ್ಷದವರೆಗೆ ಅವಕಾಶವಿತ್ತು, ಮೊದಲ ವರ್ಷ ಕಂತೇ ಬೇಡವಾಗಿತ್ತು. ಆದರೆ ಅದು ತಾನಾಗಿ ಜಾರಿಯಾಗುತ್ತಿರಲಿಲ್ಲ. ಬ್ಯಾಂಕರುಗಳ ಸಮಿತಿ ಸೇರಬೇಕಿತ್ತು, ಬೆಳೆಹಾನಿಯ ಪ್ರಮಾಣ ಘೋಷಣೆಯಾಗಬೇಕಿತ್ತು, ಶಾಖೆಯಲ್ಲಿ ಸಾಲವನ್ನು ಹೊಸದಾಗಿ ಬರೆಯಬೇಕಿತ್ತು. ಇದನ್ನೇ 2020ರ ಮಾರ್ಚ್‌ಗೆ ಹೋಲಿಸಿ ನೋಡಿ. ಕೊರೊನಾ ಬಂತು, ದೇಶದ ಎಲ್ಲ ಅವಧಿ ಸಾಲಗಳ ಕಂತಿಗೆ ಮೂರು ತಿಂಗಳ, ಆಮೇಲೆ ಇನ್ನೂ ಮೂರು ತಿಂಗಳ ತಡೆ ಬಂತು. ಅಲ್ಪಾವಧಿ ಬೆಳೆಸಾಲದ ಬಡ್ಡಿ ರಿಯಾಯಿತಿಯ ಗಡುವನ್ನು ಮಾರ್ಚ್ 31ರಿಂದ ಮೇ 31ಕ್ಕೆ, ಆಮೇಲೆ ಆಗಸ್ಟ್ 31ಕ್ಕೆ ದೂಡಲಾಯಿತು. ತಾರೀಖುಗಳು ಕಲ್ಲಿನಲ್ಲಿ ಕೆತ್ತಿದವಲ್ಲ ಎಂದು ಆಗ ಗೊತ್ತಾಯಿತು. ನಗರದವರ ಮನೆಸಾಲವೂ ಸಿಕ್ಕಿಹಾಕಿಕೊಂಡಾಗ ವಾರಗಳಲ್ಲಿ ಆದ ಕೆಲಸ, ಹೊಳೆದಂಡೆಯವರ ಪಾಲಿಗೆ ಸಭೆಗಳ ಸರಣಿಯಾಗಿತ್ತು.

ಕಾಗದ

ಮೂರು ಎಕರೆಯ ಉತಾರ (ಪಹಣಿ) ಅಣ್ಣ-ತಮ್ಮ ಇಬ್ಬರ ಹೆಸರಿನಲ್ಲಿ ಜಂಟಿಯಾಗಿದೆ. ಇಬ್ಬರದೂ ಸೇರಿ ಆರು ಎಕರೆ, ಬಾಯಿಮಾತಿನಲ್ಲಿ ಪಾಲಾದದ್ದು. ಅಣ್ಣ ಗೋವಾದಲ್ಲಿದ್ದಾನೆ. ಪರಿಹಾರ ಒಬ್ಬರ ಖಾತೆಗೆ ಜಮೆಯಾಗಬೇಕಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು, ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರ್ ಕಾರ್ಡು ಕೆಸರಿನಲ್ಲಿದೆ.

ಲಾವಣಿ ಹಿಡಿದ ಎರಡು ಎಕರೆಯ ಕಥೆ ಇನ್ನೂ ಬಿಗಿ. ಕರ್ನಾಟಕದ ಭೂಸುಧಾರಣೆ ಕಾಯ್ದೆ 1974ರಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ, ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು. ಒಕ್ಕಲುಗಳಿಗೆ ಭೂಮಿ ಕೊಡಿಸಿದ ಆ ಕಾಯ್ದೆಯ ಋಣ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಲಾವಣಿ ನಿಂತಿಲ್ಲ, ಅದರ ಕಾಗದ ಮಾತ್ರ ನಿಂತಿತು. ಉಳ್ಳಾಗಡ್ಡಿಗೆ ಬಂದ ಪರಿಹಾರ, 0.8 ಹೆಕ್ಟೇರಿಗೆ 18,800, ಹೊಲದ ಮಾಲೀಕನ ಖಾತೆಗೆ ಹೋಗುತ್ತದೆ. ಅವನಿಗೆ 30,000 ಲಾವಣಿ ಮೊದಲೇ ಮುಟ್ಟಿದೆ. ಮನಸ್ಸಿದ್ದವರು ಅರ್ಧ ಕೊಡುತ್ತಾರೆ, ಇಲ್ಲದವರನ್ನು ಕೇಳಿದರೆ ಮುಂದಿನ ವರ್ಷ ಹೊಲ ಸಿಗುವುದಿಲ್ಲ.

ಬೆಳೆವಿಮೆಯ ಮಾತು ಚುಟುಕಾಗಿ. 2019ರಲ್ಲಿ ಸಾಲ ಪಡೆದವರಿಗೆ ಫಸಲ್ ಬಿಮಾ ಕಡ್ಡಾಯವಿತ್ತು. ಮುಂಗಾರಿಗೆ ವಿಮಾ ಮೊತ್ತದ ಶೇ 2ರಷ್ಟು ಕಂತನ್ನು ಸಾಲದಲ್ಲೇ ಮುರಿದುಕೊಂಡರು. ಹೊಲ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬುದು ನಿಯಮ. ಆ 72 ಗಂಟೆ ಮನೆಯವರು ಶಾಲೆಯ ಮಾಳಿಗೆಯ ಮೇಲಿದ್ದರು, ಊರಿಗೆ ಕರೆಂಟಿರಲಿಲ್ಲ. ಸಾಲದ ಅರ್ಜಿಯಲ್ಲಿ ಬರೆದ ಬೆಳೆ ಹೆಸರುಕಾಳು, ಬಿತ್ತಿದ್ದು ಗೋವಿನಜೋಳ. ಮುಂದೆ ಹೇಳುವುದೇನಿದೆ.

ಮನೆ

ಮನೆಯ ವಿಷಯದಲ್ಲಿ ರಾಜ್ಯ ಸರ್ಕಾರ ಧಾರಾಳವಾಗಿತ್ತು ಎಂದು ಒಪ್ಪಬೇಕು. ಕೇಂದ್ರದ ಮಾನದಂಡ ಬಯಲುಸೀಮೆಯ ಪೂರ್ಣ ಬಿದ್ದ ಮನೆಗೆ 95,100 ಎಂದಿದ್ದಾಗ, ರಾಜ್ಯ 5 ಲಕ್ಷ ಪ್ರಕಟಿಸಿತು. ಹಾನಿಯನ್ನು ಹೆಚ್ಚಿನಿಂದ ಕಡಿಮೆಗೆ ಎ, ಬಿ, ಸಿ ಎಂದು ವಿಂಗಡಿಸಿದರು. ಸಿ ವರ್ಗಕ್ಕೆ 50,000. ಎ ಮತ್ತು ಸಿ ನಡುವೆ ನಾಲ್ಕೂವರೆ ಲಕ್ಷದ ಅಂತರ, ಅದನ್ನು ತೀರ್ಮಾನಿಸುವುದು ಸಮೀಕ್ಷೆಗೆ ಬಂದವರು ಕಂಡ ಗೋಡೆ. ಮಣ್ಣಿನ ಗೋಡೆಯ ಸ್ವಭಾವ ಗೊತ್ತಿದ್ದವರಿಗೆ ಇಲ್ಲಿ ನಗು ಬರುತ್ತದೆ. ನೀರು ನಿಂತಿರುವಾಗ ಅದು ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ನೆನೆದ ಬುಡ ಬಿರಿದು, ಎರಡು-ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಕುಸಿಯುತ್ತದೆ. ಸಮೀಕ್ಷೆಯ ದಿನ ನಿಂತಿದ್ದ ಗೋಡೆ ಮನೆಯನ್ನು ಬಿ ಮಾಡುತ್ತದೆ, ಆಮೇಲೆ ಎ ಮಾಡಿಸಲು ಅರ್ಜಿ ಹಿಡಿದು ತಹಶೀಲ್ದಾರ ಕಚೇರಿಗೆ ಅಲೆಯಬೇಕು. ಬಿ ವರ್ಗದ ಮೊತ್ತವನ್ನು ಸರ್ಕಾರವೇ ನಡುವೆ ಏರಿಸಿದ್ದಕ್ಕೆ ಇಂಥ ಅರ್ಜಿಗಳೂ ಒಂದು ಕಾರಣವಿರಬೇಕು.

5 ಲಕ್ಷ ಬಂದದ್ದು ಹಂತ ಹಂತವಾಗಿ. ಮೊದಲು 1 ಲಕ್ಷ. ಅಡಿಪಾಯ ಕಟ್ಟಿ, ಜಿಪಿಎಸ್ ಫೋಟೊ ಏರಿಸಿದ ಮೇಲೆ ಮುಂದಿನದು. ದುರುಪಯೋಗ ತಡೆಯಲು ಇದು ಸರಿಯಾದ ದಾರಿಯೇ. ಆದರೆ ಗೋಡೆ ಎತ್ತುವ ಹಣ ಗೋಡೆ ಎದ್ದ ಮೇಲೆ ಬರುತ್ತದೆ ಎಂದರೆ, ನಡುವಿನ ಸಾಲವನ್ನು ಮನೆಯವರೇ ಹುಟ್ಟಿಸಬೇಕು. ತಾಲ್ಲೂಕಿಗೆ ತಾಲ್ಲೂಕೇ ಮನೆ ಕಟ್ಟಲು ನಿಂತಾಗ ಮರಳು, ಗೌಂಡಿ ಎರಡೂ ದುಬಾರಿ. ಬಾಡಿಗೆಗೆ ತಿಂಗಳಿಗೆ 5,000 ಕೊಡುವ ಯೋಜನೆಯೂ ಇತ್ತು, ಆದರೆ ಮುಳುಗಿದ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಎಲ್ಲಿಂದ ಬರಬೇಕು?

"2009ರಲ್ಲೇ ಆಸರೆ ಮನೆ ಕೊಟ್ಟಿದ್ದೆವಲ್ಲ, ಯಾಕೆ ಹೋಗಲಿಲ್ಲ" ಎಂಬ ಪ್ರಶ್ನೆ ಆಗ ಬಹಳ ಕೇಳಿಬಂತು. ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ನೆರೆಯ ನಂತರ ದಾನಿಗಳ ನೆರವಿನಿಂದ ನವಗ್ರಾಮಗಳು ಎದ್ದಿದ್ದವು. ಅಲ್ಲಿನ ಎಷ್ಟೋ ಮನೆಗಳು ಬೀಗ ಹಾಕಿಕೊಂಡೇ ಇದ್ದವು. ಉತ್ತರ ಮತ್ತೆ ಎಮ್ಮೆಯಲ್ಲಿದೆ. ಚಿಕ್ಕ ಮನೆ, ಗೋದಲಿಗೆ ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಿಲಿಲ್ಲ, ಹೊಲ ದೂರ. ಎಮ್ಮೆ ಬಿಟ್ಟರೆ ವಾರದ ಆದಾಯ ಬಿಟ್ಟಂತೆ. ಹತ್ತು ವರ್ಷಕ್ಕೊಮ್ಮೆ ಬರುವ ನೀರಿಗಾಗಿ ಪ್ರತಿ ವಾರದ 1,960 ರೂಪಾಯಿಯನ್ನು ಯಾರೂ ಬಿಡುವುದಿಲ್ಲ, ಬಿಡಬೇಕು ಎನ್ನುವ ಅಧಿಕಾರಿಯೂ ತನ್ನ ಸಂಬಳದ ವಿಷಯದಲ್ಲಿ ಬಿಡುವುದಿಲ್ಲ.

ಆಮೇಲೆ

ದೀಪಾವಳಿ ಕಳೆದ ಮೇಲೆ ಗಂಡ ಅಣ್ಣನ ಹಿಂದೆ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದ. 2020ರ ಮಾರ್ಚ್‌ವರೆಗೆ ಅವನು ಕಳಿಸಿದ ಹಣವೇ ಕಂತು, ಅದೇ ಗೋಡೆ. ಲಾಕ್‌ಡೌನ್ ಆಗಿ ವಾಪಸು ಬಂದಾಗ ಮನೆಯಲ್ಲಿ ಕಾಲಂಗಳು ನಿಂತಿದ್ದವು, ಎಮ್ಮೆಯಿರಲಿಲ್ಲ. ಆ ಮಳೆಗಾಲದಲ್ಲೂ ಉತ್ತರ ಕರ್ನಾಟಕಕ್ಕೆ ನೆರೆ ಬಂತು.

ಪರಿಹಾರದ ದರಗಳ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಕಲಬುರಗಿ ಸೀಮೆ ಮುಳುಗಿದಾಗ ರಾಜ್ಯ ಸರ್ಕಾರ ಹೆಕ್ಟೇರಿಗೆ 8,500 ಹೆಚ್ಚುವರಿ ಸೇರಿಸಿ ಮಳೆಯಾಶ್ರಿತ ಬೆಳೆಗೆ 17,000, ನೀರಾವರಿಗೆ 25,500 ಎಂದು ಪ್ರಕಟಿಸಿತು. 2019ರಲ್ಲಿ ಇದೇ ದರಗಳು 16,800 ಮತ್ತು 23,500. ಆ ಆರು ವರ್ಷದಲ್ಲಿ ಗೋವಿನಜೋಳದ ಬೆಂಬಲ ಬೆಲೆ 1,760ರಿಂದ 2,400ಕ್ಕೆ ಏರಿತ್ತು. ದರ ಏರಿಸಿ ಎನ್ನುವ ಬೇಡಿಕೆ ನ್ಯಾಯವಾದದ್ದೇ. ಆದರೆ ಖಜಾನೆಯಲ್ಲಿ ಹಣ ಹೆಚ್ಚು ಬೇಕಾಗದ, ತಾರೀಖು ಮಾತ್ರ ಬೇಕಾಗುವ ಕೆಲಸಗಳು ಮೊದಲು ಆಗಲಿ ಎಂಬುದು ನನ್ನ ವಾದ. ತಾಲ್ಲೂಕು ನೆರೆಪೀಡಿತ ಎಂದು ಘೋಷಣೆಯಾದ ದಿನದಿಂದಲೇ, ಅರ್ಜಿಯಿಲ್ಲದೆ, ಸಂಘ-ಬ್ಯಾಂಕು-ಗುಂಪು ಮೂರೂ ಕಡೆಯ ಕಂತು ಮೂರು ತಿಂಗಳು ನಿಲ್ಲಬೇಕು. ಬೆಳೆಯ ಹಣದಲ್ಲಿ ಒಂದು ಪಾಲನ್ನು ಸಮೀಕ್ಷೆಗೆ ಕಾಯದೆ ಹಿಂಗಾರಿ ಹದದೊಳಗೆ ಕೊಟ್ಟು, ಮಿಕ್ಕದ್ದನ್ನು ಆಮೇಲೆ ಸರಿದೂಗಿಸಬೇಕು. ಮೇವನ್ನು ಜನರ ಗಂಜಿಯಷ್ಟೇ ತುರ್ತಾಗಿ ತಲುಪಿಸಬೇಕು.

ಕಾಯದೆ ಕೊಡುವುದು ಹೇಗೆ ಎಂದು ಕೇಳಬಹುದು. ನಾಗಾಲ್ಯಾಂಡ್ ಸರ್ಕಾರ ಮಳೆಯ ಅಳತೆ ಇಷ್ಟು ದಾಟಿದರೆ ಹಣ ಇಷ್ಟು ಎಂಬ ಬಗೆಯ ವಿಮೆಯನ್ನು ಮಾಡಿಕೊಂಡಿದೆ. ಹಾನಿಯ ಪಂಚನಾಮೆಗೆ ಅಲ್ಲಿ ಕಾಯುವುದಿಲ್ಲ. ಮಲಪ್ರಭೆಗೆ ಅದಕ್ಕಿಂತ ಒಳ್ಳೆಯ ಅಳತೆಯೇ ಇದೆ. ನವಿಲುತೀರ್ಥದಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಊರಿನ ಯಾವ ಓಣಿಗೆ ನೀರು ಬರುತ್ತದೆ ಎಂಬುದು 2009, 2019ರ ನಂತರ ಊರವರಿಗೂ ಎಂಜಿನಿಯರುಗಳಿಗೂ ಗೊತ್ತು. ಬಿಟ್ಟ ನೀರಿನ ಲೆಕ್ಕ ಅಣೆಕಟ್ಟೆಯಲ್ಲಿ ದಾಖಲಾಗುತ್ತದೆ. ಆ ಅಂಕಿ ದಾಟಿದ ದಿನವೇ ಕೆಳಗಿನ ಊರುಗಳ ಖಾತೆಗಳಿಗೆ ಮೊದಲ ಕಂತು ಹೋಗುವಂತೆ ಮಾಡಬಹುದು.

ಇದರಲ್ಲಿ ಒಂದು ತೊಡಕಿದೆ. ನರಗುಂದ, ರೋಣದ ಕಡೆಯ ಊರುಗಳನ್ನು ಮುಳುಗಿಸುವುದು ಬರೀ ಮಲಪ್ರಭೆಯಲ್ಲ, ಬೆಣ್ಣೆಹಳ್ಳವೂ ಹೌದು. ಅಣೆಕಟ್ಟೆಯಿಂದ ಹನಿ ನೀರು ಬಿಡದ ದಿನವೂ ಧಾರವಾಡ ಜಿಲ್ಲೆಯ ಮಳೆ ಹೊತ್ತು ಅದು ದಂಡೆ ಮೀರುತ್ತದೆ. ಗೇಟಿನ ಲೆಕ್ಕವನ್ನಷ್ಟೇ ನಂಬಿದರೆ ಆ ಊರುಗಳು ಪಟ್ಟಿಯಿಂದ ಹೊರಗುಳಿಯುತ್ತವೆ. ಅಲ್ಲಿಗೆ ಹಳ್ಳದ ಸೇತುವೆಗಳ ಮೇಲಿನ ನೀರಿನ ಮಟ್ಟವನ್ನೇ ಸೂಚಕವಾಗಿ ಹಿಡಿಯಬೇಕು. ಅದಕ್ಕೆ ಬೇಕಾಗುವುದು ಒಂದು ಅಳತೆಗೋಲು, ರಾತ್ರಿ ಮಳೆಯಲ್ಲೂ ಅದನ್ನು ಓದಿ ಬರೆದಿಡುವ ಒಬ್ಬ ನೌಕರ, ಅವನಿಗೆ ತಿಂಗಳಿಗೆ ಸರಿಯಾಗಿ ಸಂಬಳ.